ಕೊಂಬುಗಳ ನಡುವಿನ ಬೆಳಕು

ಮಕರ ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರದ ಗಂಗಾಧರೇಶ್ವರ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬನಶಂಕರಿ, ಜಯನಗರದ ಕಡೆಯಿಂದಲೂ ಬಂದು ಜನ ಕಾಯುವುದು ಕೆಲವೇ ನಿಮಿಷಗಳ ಒಂದು ನೋಟಕ್ಕೆ. ನೈಋತ್ಯಕ್ಕೆ ಇಳಿಯುವ ಸೂರ್ಯನ ಕಿರಣ ಕಿಂಡಿಯೊಳಗಿಂದ ತೂರಿ, ನಂದಿಯ ಕೊಂಬುಗಳ ನಡುವೆ ಹಾದು, ಗವಿಯ ಲಿಂಗವನ್ನು ಮುಟ್ಟುತ್ತದೆ. ಭಕ್ತರಿಗೆ ಅದು ಸೂರ್ಯನೇ ಸಲ್ಲಿಸುವ ಪೂಜೆ. ಚಿತ್ರಕಲೆ ಕಲಿಯುವವರಿಗೆ ಅದೊಂದು ಪಾಠವೂ ಹೌದು: ನೋಡುವವರ ಕಣ್ಣನ್ನು ಒಂದೆಡೆ ನಿಲ್ಲಿಸುವುದು ಹೇಗೆ?

ಕಲಾವಿದರು ಇಂಥ ತಾಣವನ್ನು ಕೇಂದ್ರಬಿಂದು ಎನ್ನುತ್ತಾರೆ. ಹೆಸರು ಹಾಗಿದ್ದರೂ ಅದು ಚಿತ್ರದ ನಟ್ಟನಡುವೆಯೇ ಇರಬೇಕೆಂದಿಲ್ಲ. ಕಣ್ಣು ಮೊದಲು ಹೋಗಿ, ಸುತ್ತೆಲ್ಲ ಅಲೆದು, ಮತ್ತೆ ಬಂದು ನೆಲೆಸುವ ಸ್ಥಳವದು.

ಗವಿಯನ್ನು ಹೊಗುವ ಬೆಳಕು ಪ್ರಖರವಾದುದೇನಲ್ಲ, ಇಳಿಹೊತ್ತಿನ ಬಿಸಿಲು. ಅದೇ ಬಿಸಿಲು ಅಂಗಳದ ಕಲ್ಲಿನ ತ್ರಿಶೂಲ, ಡಮರುಗಳ ಮೇಲೆ, ಸೂರ್ಯಪಾನ, ಚಂದ್ರಪಾನವೆಂಬ ಭಾರಿ ಕಲ್ಲಿನ ಚಕ್ರಗಳ ಮೇಲೆ ಬಿದ್ದರೆ ಅಂದು ಯಾರೂ ತಿರುಗಿ ನೋಡುವುದಿಲ್ಲ. ಒಳಗಾದರೋ ಕತ್ತಲೆ, ಒಂದು ಗೀರು ಬೆಳಕೇ ಸಾಕು. ಕೊಂಬುಗಳು ಆ ಬೆಳಕಿಗೆ ಚೌಕಟ್ಟಾಗುತ್ತವೆ. ಜೊತೆಗೆ ನಂದಿಯ ಮುಖ ಲಿಂಗದ ಕಡೆಗಿದೆ. ಚಿತ್ರದೊಳಗಿನವರು ಎತ್ತ ನೋಡುತ್ತಾರೋ ನಮ್ಮ ಕಣ್ಣೂ ಅತ್ತಲೇ ಹೊರಳುವುದು ಸಹಜ.

ಹಾಲೆಂಡಿನ ರೆಂಬ್ರಾಂಟ್ 1642ರ ತನ್ನ 'ರಾತ್ರಿ ಕಾವಲು' ಚಿತ್ರದಲ್ಲಿ ನೆಚ್ಚಿಕೊಂಡದ್ದೂ ಕತ್ತಲೆಯನ್ನೇ. ಗುಂಪಿನ ಹೆಚ್ಚಿನವರನ್ನು ನೆರಳಿಗೆ ಸರಿಸಿ, ಮುಂದಿರುವ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಪುಟ್ಟ ಹುಡುಗಿಯನ್ನೂ ಬೆಳಕಿಗೆ ತಂದ.

ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಾರರ ದಾರಿ ಬೇರೆ. ದೇವರ ಕಿರೀಟ, ಆಭರಣ, ಮಂಟಪಗಳನ್ನು ಬಿಳಿಯ ಲೇಪದಿಂದ ತುಸುವೇ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ದೀಪ ಅಲುಗಿದರೆ ಅಷ್ಟು ಭಾಗ ಮಿನುಗುತ್ತದೆ. ಈ ಮಿನುಗಿಗೂ ಮಿತಿ ಬೇಕು. ಅಂಗಡಿಗಳಲ್ಲಿ ಸಿಗುವ ಎಷ್ಟೋ ಚಿತ್ರಗಳಲ್ಲಿ ಚಿನ್ನ ಮೂಲೆಮೂಲೆಗೂ ಹರಡಿ, ದೇವರ ಮುಖವನ್ನೇ ಹುಡುಕಬೇಕಾಗುತ್ತದೆ!

ಗವಿಯ ನೋಟವಾದರೂ ಶಾಶ್ವತವೇನಲ್ಲ. 1792ರಲ್ಲಿ ಬೆಂಗಳೂರಿಗೆ ಬಂದಿದ್ದ ಆಂಗ್ಲ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಈ ಗುಡಿಯ ಹೊರನೋಟವನ್ನು ಬಿಡಿಸಿದ್ದಾರೆ. ಆ ಚಿತ್ರವನ್ನು ಇಂದಿನ ಕಟ್ಟಡದೊಡನೆ ಹೋಲಿಸಿದ ಖಗೋಳ ಅಧ್ಯಯನಕಾರರು, ಆಮೇಲೆ ಎದ್ದ ಕಟ್ಟಡ ಭಾಗಗಳಿಂದ ಕಿರಣದ ದಾರಿ ಬದಲಾಗಿದೆ ಎನ್ನುತ್ತಾರೆ. ಮುಂದೆಯೂ ಅಷ್ಟೆ. ನೈಋತ್ಯದಲ್ಲಿ ಒಂದು ಗೋಡೆ ಎತ್ತರಕ್ಕೆ ಎದ್ದರೆ, ಲಿಂಗವೂ ನಂದಿಯೂ ಇದ್ದಲ್ಲೇ ಇದ್ದು ನೋಟ ಮಾತ್ರ ಅಳಿದೀತು. 2021ರ ಸಂಕ್ರಾಂತಿಯಂದು ಮೋಡವೇ ಆ ಕೆಲಸ ಮಾಡಿತ್ತು.

ಇನ್ನೊಂದು ಸ್ವಾರಸ್ಯವಿದೆ. ಸಂಕ್ರಾಂತಿ ಬರುವುದು ಡಿಸೆಂಬರಿನ ಅತಿ ಚಿಕ್ಕ ಹಗಲಿನಿಂದ ಸುಮಾರು 24 ದಿನಗಳ ಬಳಿಕ. ಅಷ್ಟೇ ದಿನ ಹಿಂದೆ ಎಣಿಸಿದರೆ ನವೆಂಬರ್ ಕೊನೆ. ಆಗಲೂ ಸೂರ್ಯ ಇಳಿಯುವ ದಾರಿ ಅದೇ. ಕಿರಣ ಅದೇ ಕೊಂಬುಗಳ ನಡುವೆ ಹಾದು ಲಿಂಗಕ್ಕೆ ತಾಕುತ್ತದೆ. ಆದರೆ ಅದನ್ನು ನೋಡಲೆಂದು ಸಂಕ್ರಾಂತಿಯ ಜನಜಂಗುಳಿ ಅಂದು ಸೇರುವುದಿಲ್ಲ.