ಕಾವಲು, ಗೋಮಾಳ ಉಳಿಯಬೇಕಾದರೆ ಊರುಗಳು ಒಂದಾಗಬೇಕು



ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಟ್ಟಿಗಳಿಂದಲೂ ಆಚೆಯ ಆಂಧ್ರದ ಊರುಗಳಿಂದಲೂ ಜನ ಬಂದು ತುಂಬಲಿನಲ್ಲಿ ಸೇರುತ್ತಾರೆ. ದೇವರ ಕಾರ್ಯಕ್ಕೆ ಹೀಗೆ ಒಂದಾಗುವ ಊರುಗಳು ದನ ಕುರಿ ಮೇಯುವ ನೆಲದ ಮಾತು ಬಂದಾಗ ಮಾತ್ರ ಬೇರೆ ಬೇರೆ ಅರ್ಜಿ ಹಿಡಿದು ಕಚೇರಿಗೆ ಅಲೆಯುತ್ತವೆ. ಒಂಟಿ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಹಲವು ಊರು, ಹಲವು ಸಂಘಗಳು ಸೇರಿ ಇಟ್ಟ ಒಂದೇ ಬೇಡಿಕೆ ವಿಧಾನಸೌಧ ಮುಟ್ಟುತ್ತದೆ. ಇದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನಗಳುಂಟು.

ಕುಸನೂರಿನ ಪಾಠ

1984ರಲ್ಲಿ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 75,000 ಎಕರೆ ಸರ್ಕಾರಿ ಜಮೀನನ್ನು ಅದಕ್ಕೆ ಕೊಡುವುದೆಂದು ಗೊತ್ತಾಯಿತು. ಹಳ್ಳಿಯವರಿಗೆ ಹುಲ್ಲು, ಸೌದೆ, ಸೊಪ್ಪು ಬರುತ್ತಿದ್ದುದು ಅದೇ ಜಮೀನಿನಿಂದ.

ಆಗ ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಇತರ ಪರಿಸರ ಸಂಘಗಳನ್ನೂ ಹಳ್ಳಿಗರನ್ನೂ ಕೂಡಿಸಿಕೊಂಡಿತು. ಎಸ್.ಆರ್. ಹಿರೇಮಠ ಅವರು ಮುಂದೆ ನಿಂತರು. ಶಿವರಾಮ ಕಾರಂತರು ಅರ್ಜಿದಾರರಾಗಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ಮಾರ್ಚಿಯಲ್ಲಿ ಯಥಾಸ್ಥಿತಿ ಕಾಯಬೇಕೆಂಬ ಆಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗವಾಗುವ ಗಿಡ ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹವೆಂದು ಅದು ಹೆಸರಾಯಿತು. ಒಪ್ಪಂದ ರದ್ದುಮಾಡಿರೆಂದು ಶಾಸಕರಲ್ಲಿಯೂ ಹಲವರು ಮುಖ್ಯಮಂತ್ರಿಗಳನ್ನು ಕೇಳುವಂತಾಯಿತು. 1991ರಲ್ಲಿ ಸರ್ಕಾರ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು.

ನಮ್ಮ ಸೀಮೆಯಲ್ಲಿ ಆದದ್ದು

ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಕಥೆ ಬೇರೆ. 2008ರಿಂದೀಚೆಗೆ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳೇ ಮೊದಲಾದವುಗಳಿಗೆ ಒಟ್ಟು ಸುಮಾರು 10,000 ಎಕರೆ ಹೋಯಿತು. ಬೇಲಿ, ಗೋಡೆ ಏಳತೊಡಗಿದಾಗಲೇ ಬಹಳ ಹಳ್ಳಿಗಳಿಗೆ ಸುದ್ದಿ ತಿಳಿದದ್ದು. ಊರವರೂ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆಯೂ 2013ರಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿಯ ಮುಂದೆ ವಾದಿಸಿದರು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಮುಖ್ಯ ಯೋಜನೆಗಳು ಷರತ್ತುಗಳೊಡನೆ ಮುಂದುವರಿದವು. ದೇಶಕ್ಕೆ ವಿಜ್ಞಾನವೂ ಬೇಕು, ನಿಜ. ಆದರೆ ಜಮೀನು ಕೈಬಿಟ್ಟ ಮೇಲೆ ಸೇರುವುದಕ್ಕಿಂತ ಕಡತ ಓಡಾಡುವಾಗಲೇ ಸೇರುವುದು ಮೇಲೆಂಬುದನ್ನು ನಾವು ಮನಗಾಣಬೇಕು.

ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಶೇಂಗಾ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ, ದನ. ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದರೆ ಸಿಗುವ ಗೊಬ್ಬರಕ್ಕೂ ಮೂಲ ಕಾವಲಿನ ಹುಲ್ಲೇ. ಆದ್ದರಿಂದ ಕಾವಲಿನ ಮಾತು ಕುರಿಗಾಹಿಯದು ಮಾತ್ರವಲ್ಲ, ಉಳುವವನದೂ ಹೌದು.

ಕಾನೂನು ಹೇಗೆ ಬದಲಾಗುತ್ತದೆ?

ವಿಧೇಯಕ ಎರಡು ಸದನಗಳಲ್ಲಿ ಒಪ್ಪಿಗೆ ಪಡೆದು, ರಾಜ್ಯಪಾಲರ ಅಂಕಿತವಾದ ಮೇಲೆ ಕಾನೂನಾಗುತ್ತದೆ. ಕರಡು ನಿಯಮವಾದರೆ ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ದಿನ ಗೊತ್ತುಮಾಡಿರುತ್ತಾರೆ. ಒಮ್ಮೆ ಆದ ಕಾನೂನು ಸಡಿಲವಾಗುವುದೂ ಉಂಟು. ಕೆರೆಯಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕೂಡದೆಂದು 2014ರ ಕೆರೆ ಕಾಯಿದೆ ಹೇಳಿತ್ತು. ಕೆರೆಯ ವಿಸ್ತೀರ್ಣ ನೋಡಿ ಆ ಅಂತರ ಇಳಿಸುವ ತಿದ್ದುಪಡಿಯನ್ನು 2025ರ ಆಗಸ್ಟ್‌ನಲ್ಲಿ ಸದನಗಳು ಒಪ್ಪಿದವು. ಅಂಕಿತ ಹಾಕಬಾರದೆಂದು ಪರಿಸರ ಸಂಘಗಳು ರಾಜ್ಯಪಾಲರನ್ನು ಬೇಡಿದವು. ಅದು ಕೊನೆಯ ಬಾಗಿಲು. ಮೊದಲ ಬಾಗಿಲಲ್ಲೇ, ಅಂದರೆ ಶಾಸಕರ ಮನೆಯಲ್ಲೇ, ಮಾತು ಮುಟ್ಟಿಸುವುದು ಲೇಸು.

ಊರಿನಲ್ಲಿ ಈಗಲೇ ಮಾಡಬೇಕಾದ್ದು

1. ಗ್ರಾಮ ನಕಾಶೆ, ಗೋಮಾಳ ಹಾಗೂ ಕಾವಲಿನ ಪಹಣಿಗಳನ್ನು ತೆಗೆಸಿ ವಾಚನಾಲಯದಲ್ಲಿ ಇಡಿ. ಸರ್ವೆ ನಂಬರು ಎಲ್ಲರಿಗೂ ತಿಳಿದಿರಲಿ.

2. ಭೂಕಂದಾಯ ನಿಯಮ 97ರ ಪ್ರಕಾರ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಬಿಡಬೇಕು. 400 ದನವಿದ್ದ ಊರಿಗೆ 48 ಹೆಕ್ಟೇರ್, ಅಂದರೆ ಸುಮಾರು 119 ಎಕರೆ. ಗಣತಿಯಲ್ಲಿ ದನ ಕಡಿಮೆ ಬರೆದರೆ ಉಳಿದ ನೆಲ 'ಹೆಚ್ಚುವರಿ' ಎನಿಸಿಕೊಳ್ಳುತ್ತದೆ. ಜಾನುವಾರು ಗಣತಿಯವರು ಬಂದಾಗ ಒಂದೂ ಬಿಡದಂತೆ ಬರೆಸಿ.

3. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ. ಸುತ್ತಲಿನ ಊರುಗಳೂ ಅದೇ ಮಾತುಗಳಲ್ಲಿ ನಿರ್ಣಯ ಮಾಡಲಿ.

4. ಕುರಿಗಾಹಿಗಳ ಸಂಘ, ಹಾಲಿನ ಸಂಘ, ರೈತ ಸಂಘ, ಪರಿಸರ ಸಂಘಗಳು ಕೂಡಿ ಒಂದೇ ಮನವಿ ಬರೆಯಲಿ. ಬೇಡಿಕೆ ಎರಡು ಮೂರಕ್ಕಿಂತ ಹೆಚ್ಚಾಗದಿರಲಿ. ಅಧಿವೇಶನಕ್ಕೆ ಮುಂಚೆ ಶಾಸಕರ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಒಂದು ಕಹಿ ಮಾತನ್ನೂ ಹೇಳಲೇಬೇಕು. ಗೋಮಾಳ ಉಳಿಸಿರೆನ್ನುವ ನಾವೇ ನಮೂನೆ 50, 53, 57 ಎಂದು ಬಗರ್‌ಹುಕುಂ ಅರ್ಜಿ ಹಾಕಿದ್ದೇವೆ. ನೆಲವಿಲ್ಲದ ಬಡವನ ಹೊಟ್ಟೆಪಾಡು ಒಂದು, ಉಳ್ಳವನ ಒತ್ತುವರಿ ಇನ್ನೊಂದು. ಇವೆರಡನ್ನೂ ಊರೊಳಗೇ ಬೇರ್ಪಡಿಸಿ, ಮೇಯಲು ಎಷ್ಟು, ಉಳಲು ಎಷ್ಟು ಎಂದು ಮೊದಲು ತೀರ್ಮಾನಿಸಿಕೊಳ್ಳಿ. ಹಾಗಲ್ಲದೆ ಹೋದರೆ ನಮ್ಮ ಎರಡು ಅರ್ಜಿಗಳು ಒಂದನ್ನೊಂದು ಹೊಡೆಯುತ್ತವೆ, ನೆಲ ಮೂರನೆಯವರ ಪಾಲಾಗುತ್ತದೆ.

ಮುಂದಿನ ಗ್ರಾಮಸಭೆಗೆ ಹೋಗುವಾಗ ಪಹಣಿ ಕೈಯಲ್ಲಿರಲಿ, ನೆರೆಯೂರಿನವರು ಜೊತೆಯಲ್ಲಿರಲಿ.