ಉಸಿರನ್ನು ಅಳೆಯುವ ಬಗೆ

ಇಬ್ಬರು ರೋಗಿಗಳು ವೈದ್ಯರ ಬಳಿಗೆ ಬಂದು, “ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ” ಎಂದು ಒಂದೇ ಮಾತನ್ನು ಹೇಳುತ್ತಾರೆಂದು ಭಾವಿಸೋಣ. ಒಬ್ಬನಲ್ಲಿ ಶ್ವಾಸನಾಳಗಳು ಬಿಗಿದುಕೊಂಡಿವೆ. ಇನ್ನೊಬ್ಬನಲ್ಲಿ ಶ್ವಾಸಕೋಶವೇ ಗಡುಸಾಗಿ ಹಿಗ್ಗುವ ಶಕ್ತಿಯನ್ನು ಕಳೆದುಕೊಂಡಿದೆ. ದೂರು ಒಂದೇ, ರೋಗ ಬೇರೆ, ಚಿಕಿತ್ಸೆಯೂ ಬೇರೆ. ಎದೆಗೆ ಕಿವಿಗೊಟ್ಟ ವೈದ್ಯರಿಗೆ ಕೆಲವು ಸುಳಿವುಗಳು ದೊರೆಯುವುದುಂಟು. ಆದರೆ ಆ ಸುಳಿವನ್ನು ಸಂಖ್ಯೆಯಲ್ಲಿ ಹೇಳುವುದು ಹೇಗೆ? ಈ ಕಾರ್ಯದಲ್ಲಿ ಭೌತಶಾಸ್ತ್ರದ ಕೆಲವು ಸರಳ ನಿಯಮಗಳು ವೈದ್ಯಶಾಸ್ತ್ರಕ್ಕೆ ನೆರವಾಗಿರುವ ಬಗೆಯನ್ನು ನಾವು ಈಗ ಪರಿಶೀಲಿಸೋಣ.

1846ರಲ್ಲಿ ಲಂಡನ್ನಿನ ಜಾನ್ ಹಚಿನ್‌ಸನ್ ಎಂಬ ವೈದ್ಯನು ತನ್ನ ‘ಸ್ಪೈರೋಮೀಟರ್’ ಯಂತ್ರದ ವಿವರಗಳನ್ನು ಪ್ರಕಟಿಸಿದನು. ನೀರು ತುಂಬಿದ ತೊಟ್ಟಿಯಲ್ಲಿ ಬೋರಲು ಹಾಕಿದ ಒಂದು ಪಾತ್ರೆ. ಅದರ ಭಾರವನ್ನು ಸರಿದೂಗಿಸಲು ರಾಟೆಯ ಮೇಲೆ ಹಾಯ್ದ ದಾರಗಳಿಗೆ ಕಟ್ಟಿದ ಎದುರು ತೂಕಗಳು. ಊದಲು ಒಂದು ಕೊಳವೆ. ಇಷ್ಟೇ ಆ ಯಂತ್ರ. ಊದಿದ ಗಾಳಿ ಒಳಸೇರಿದಷ್ಟೂ ಪಾತ್ರೆ ಮೇಲೇಳುತ್ತದೆ; ಎದ್ದ ಎತ್ತರದಿಂದ ಗಾಳಿಯ ಗಾತ್ರವನ್ನು ಓದಿಕೊಳ್ಳಬಹುದು. ನಾವಿಕರು, ಕುಸ್ತಿಯವರು, ಬಡವರು, ಸಿರಿವಂತರು ಸೇರಿ 2,130 ಜನರನ್ನು ಹಚಿನ್‌ಸನ್ ಪರೀಕ್ಷಿಸಿದನು.

ಅವನು ರೂಢಿಗೆ ತಂದ ಪದವೊಂದು ಇಂದಿಗೂ ಬಳಕೆಯಲ್ಲಿದೆ. ಎದೆ ತುಂಬ ಉಸಿರೆಳೆದುಕೊಂಡು, ಸಾಧ್ಯವಾದಷ್ಟನ್ನೂ ಹೊರಗೆ ಬಿಟ್ಟಾಗ ದೊರೆಯುವ ಗಾಳಿಯ ಗಾತ್ರಕ್ಕೆ ‘ವೈಟಲ್ ಕೆಪಾಸಿಟಿ’, ಎಂದರೆ ಜೀವಧಾರಣ ಸಾಮರ್ಥ್ಯವೆಂದು ಹೆಸರು. ನಾವು ಸುಮ್ಮನೆ ಕುಳಿತಿರುವಾಗ ಒಂದೊಂದು ಉಸಿರಿಗೂ ಎಳೆದು ಬಿಡುವ ಗಾಳಿ ಸುಮಾರು ಅರ್ಧ ಲೀಟರು ಮಾತ್ರ. ಆರೋಗ್ಯವಂತನಾದ ವಯಸ್ಕನ ಜೀವಧಾರಣ ಸಾಮರ್ಥ್ಯವಾದರೋ ನಾಲ್ಕು ಲೀಟರನ್ನೂ ಮೀರಬಹುದು. ಇದು ಎತ್ತರದೊಡನೆ ಕ್ರಮವಾಗಿ ಹೆಚ್ಚುವುದೆಂದು ಹಚಿನ್‌ಸನ್ ಕಂಡನು: 5 ಅಡಿಯಿಂದ 6 ಅಡಿಯವರೆಗೆ ಒಂದೊಂದು ಅಂಗುಲಕ್ಕೂ 8 ಘನ ಅಂಗುಲ, ಎಂದರೆ ಸುಮಾರು 130 ಮಿಲಿಲೀಟರು.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಒಂದು ಪ್ರಶ್ನೆ. ಎದೆಯೊಳಗಿನ ಗಾಳಿಯ ಉಷ್ಣತೆ 37 ಡಿಗ್ರಿ. ಅದು ನೀರಿನ ಆವಿಯಿಂದ ಪರ್ಯಾಪ್ತವಾಗಿರುತ್ತದೆ. ಪಾತ್ರೆಯೊಳಗೆ ಬಂದು 25 ಡಿಗ್ರಿಗೆ ತಣಿದಾಗ ಅದು ಕುಗ್ಗುತ್ತದೆ. ಆವಿಯ ಒಂದಂಶ ನೀರಾಗಿಬಿಡುತ್ತದೆ. ಆದುದರಿಂದ ಓದಿದ ಅಳತೆಗೆ ಶೇಕಡಾ 7ರಷ್ಟನ್ನು ಕೂಡಿಸಬೇಕಾಗುತ್ತದೆ. ಬಾಯ್ಲ್ ಮತ್ತು ಚಾರ್ಲ್ಸರ ನಿಯಮಗಳನ್ನು ಕಲಿತವರು ಈ ತಿದ್ದುಪಡಿಯನ್ನು ತಾವೇ ಲೆಕ್ಕಹಾಕಬಲ್ಲರು.

ಆದರೆ ಗಾತ್ರವೊಂದರಿಂದಲೇ ನಮ್ಮ ಇಬ್ಬರು ರೋಗಿಗಳನ್ನು ಬೇರ್ಪಡಿಸಲಾಗದು. ಗಡಿಯಾರವೂ ಬೇಕು. 1947ರಲ್ಲಿ ಫ್ರಾನ್ಸಿನ ಟಿಫೆನೋ ಮತ್ತು ಪಿನೆಲ್ಲಿ ಎಂಬುವರು, ರಭಸದಿಂದ ಊದಿದಾಗ ಮೊದಲನೆಯ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುವುದೆಂದು ಅಳೆಯುವ ವಿಧಾನವನ್ನು ಮುಂದಿಟ್ಟರು. ಇದನ್ನೇ ಇಂದಿನ ವೈದ್ಯರು ‘ಎಫ್.ಇ.ವಿ. ಒಂದು’ ಎನ್ನುವರು. ಆರೋಗ್ಯವಂತರಲ್ಲಿ ಒಟ್ಟು ಗಾಳಿಯ ಸುಮಾರು ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಮೊದಲ ಸೆಕೆಂಡಿನಲ್ಲಿಯೇ ಹೊರಬೀಳುತ್ತದೆ.

ಮೊದಲನೆಯ ರೋಗಿಯು ಒಟ್ಟು 4 ಲೀಟರು ಊದಿದರೂ ಮೊದಲ ಸೆಕೆಂಡಿನಲ್ಲಿ ಬಿಟ್ಟುದು 1.8 ಲೀಟರು ಎನ್ನೋಣ. ಅನುಪಾತ ಶೇಕಡಾ 45. ಎದೆಯಲ್ಲಿ ಗಾಳಿಯಿದೆ, ದಾರಿ ಇಕ್ಕಟ್ಟಾಗಿದೆ. ಇದು ಅಡಚಣೆಯ ರೋಗ. ಉಬ್ಬಸ ಇದಕ್ಕೆ ಉದಾಹರಣೆ. ನುಣುಪಾಗಿ ಹರಿಯುವ ದ್ರವಕ್ಕೆ ಕೊಳವೆಯ ತ್ರಿಜ್ಯವು ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿವು ಹದಿನಾರರಲ್ಲಿ ಒಂದು ಪಾಲಿಗಿಳಿಯುವುದೆಂಬ ಪ್ವಾಸೆಯ ನಿಯಮವನ್ನು ಇಲ್ಲಿ ಸ್ಮರಿಸಬಹುದು. ಶ್ವಾಸನಾಳಗಳಲ್ಲಿ ಸುಳಿಗಳೂ ಏಳುವುದರಿಂದ ಲೆಕ್ಕ ಇಷ್ಟು ನೇರವಲ್ಲ. ಆದರೂ ನಾಳದ ಅಲ್ಪ ಬಿಗಿತವೂ ಎಷ್ಟು ದೊಡ್ಡ ಸಂಕಟವಾಗಬಲ್ಲುದೆಂಬುದು ಸ್ಪಷ್ಟ.

ಎರಡನೆಯವನು ಊದಿದುದು ಒಟ್ಟು 2 ಲೀಟರು. ಮೊದಲ ಸೆಕೆಂಡಿನಲ್ಲಿ 1.7. ಅನುಪಾತ ಶೇಕಡಾ 85. ದಾರಿ ತೆರೆದಿದೆ, ಗಾಳಿಯೇ ಕಡಿಮೆ. ಶ್ವಾಸಕೋಶ ಹಿಗ್ಗದಂತೆ ತಡೆಹಿಡಿಯುವ ಇಂಥ ರೋಗಗಳಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಒಂದು. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದ ಕಾರ್ಮಿಕರು ಈ ಪೀಡೆಯನ್ನು ಬಲ್ಲವರಾಗಿದ್ದರು.

ಎಷ್ಟೇ ಊದಿದರೂ ಎದೆಯಲ್ಲಿ ಸ್ವಲ್ಪ ಗಾಳಿ ಉಳಿದೇ ಇರುತ್ತದೆ. ಹೊರಬಾರದ ಈ ಶೇಷ ಗಾಳಿಯನ್ನು ಅಳೆಯುವುದೆಂತು? ರಕ್ತದಲ್ಲಿ ಬಹುಮಟ್ಟಿಗೆ ಕರಗದ ಹೀಲಿಯಂ ಅನಿಲ ಇಲ್ಲಿ ಉಪಕಾರಿ. ಶೇಕಡಾ 10 ಹೀಲಿಯಂ ಇರುವ 3.6 ಲೀಟರು ಗಾಳಿಯ ಪಾತ್ರೆಗೆ, ಪೂರ್ತಿ ಉಸಿರು ಬಿಟ್ಟ ರೋಗಿಯನ್ನು ಜೋಡಿಸಿ ಉಸಿರಾಡಿಸುತ್ತಾರೆ. ಗಾಳಿಯೆಲ್ಲ ಬೆರೆತ ಮೇಲೆ ಹೀಲಿಯಂ ಶೇಕಡಾ 7.5ಕ್ಕೆ ಇಳಿದರೆ, ಒಟ್ಟು ಗಾತ್ರ 4.8 ಲೀಟರು, ಎದೆಯಲ್ಲಿ ಉಳಿದಿದ್ದುದು 1.2 ಲೀಟರು. ಕಣ್ಣಿಗೆ ಕಾಣದುದನ್ನು ಒಂದು ಭಾಗಾಕಾರ ತೋರಿಸಿಕೊಟ್ಟಿತು.

ಅಳತೆ ಮುಗಿಯಿತು, ತೀರ್ಪು ಇನ್ನೂ ಉಳಿದಿದೆ. ರೋಗಿಯ ಸಂಖ್ಯೆಯನ್ನು ಅವನ ವಯಸ್ಸು, ಎತ್ತರ, ಲಿಂಗಗಳಿಗೆ ತಕ್ಕ ನಿರೀಕ್ಷಿತ ಸಂಖ್ಯೆಯೊಡನೆ ಹೋಲಿಸಬೇಕು. ಈ ನಿರೀಕ್ಷೆಯನ್ನು ಗೊತ್ತುಮಾಡುವವರಾರು? 1851ರಲ್ಲಿ, ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ, ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನು ಕಪ್ಪುಜನರ ಶ್ವಾಸಕೋಶಗಳಲ್ಲಿ ಶೇಕಡಾ 20ರಷ್ಟು ಕೊರತೆಯಿದೆಯೆಂದು ಸಾರಿ, ಬಲವಂತದ ದುಡಿಮೆಯೇ ಅವರಿಗೆ ಹಿತವೆಂದು ವಾದಿಸಿದನು. ಗುಲಾಮಗಿರಿ ಅಳಿಯಿತು, ಆದರೆ ಕಪ್ಪುಜನರ ನಿರೀಕ್ಷಿತ ಸಂಖ್ಯೆಯನ್ನು ಶೇಕಡಾ 10ರಿಂದ 15ರಷ್ಟು ತಗ್ಗಿಸುವ ಪದ್ಧತಿ ಇಪ್ಪತ್ತೊಂದನೆಯ ಶತಮಾನದ ಯಂತ್ರಗಳಲ್ಲಿಯೂ ಉಳಿದುಬಂದಿತು. ಬಡತನ, ಆಹಾರ, ಹೊಗೆ, ಧೂಳುಗಳ ಪಾಲೆಷ್ಟೆಂದು ವಿಚಾರಿಸದೆ ವ್ಯತ್ಯಾಸವನ್ನೆಲ್ಲ ಹುಟ್ಟಿಗೆ ಕಟ್ಟಲಾಯಿತು.

ಪರಿಣಾಮವನ್ನು ನೋಡಿರಿ. 3 ಲೀಟರು ಊದಿದವನಿಗೆ ನಿರೀಕ್ಷೆ 4 ಲೀಟರಾದರೆ ಅವನದು ಶೇಕಡಾ 75. ರೋಗವಿರಬಹುದೆಂದು ವೈದ್ಯರು ಎಚ್ಚರಗೊಳ್ಳುವರು. ನಿರೀಕ್ಷೆಯನ್ನು 3.4ಕ್ಕೆ ಇಳಿಸಿದರೆ ಅದೇ ಉಸಿರು ಶೇಕಡಾ 88 ಆಗಿ, ಅವನು ಆರೋಗ್ಯವಂತನೆನಿಸಿಬಿಡುವನು; ಚಿಕಿತ್ಸೆಯೂ ಧೂಳಿನ ರೋಗಕ್ಕೆ ಸಲ್ಲಬೇಕಾದ ಪರಿಹಾರವೂ ಅವನ ಕೈತಪ್ಪಬಹುದು. 2023ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿಯು ಜನಾಂಗವನ್ನು ಲೆಕ್ಕಕ್ಕೆ ತರದ ನಿರೀಕ್ಷಾ ಸೂತ್ರಗಳನ್ನು ಬಳಸುವಂತೆ ಶಿಫಾರಸು ಮಾಡಿತು.

ಹಚಿನ್‌ಸನ್ನನ ಪಾತ್ರೆ ಎಲ್ಲರ ಉಸಿರಿಗೂ ಒಂದೇ ರೀತಿಯಲ್ಲಿ ಮೇಲೆದ್ದಿತು. ತಪ್ಪು ಹೊಕ್ಕಿದ್ದು ಪಕ್ಕದಲ್ಲಿಟ್ಟ ಕೋಷ್ಟಕದಲ್ಲಿ. ಮುಂದೆ ವೈದ್ಯರೋ ತಂತ್ರಜ್ಞರೋ ಆಗಲಿರುವ ನಮ್ಮ ತರುಣ ವಾಚಕರು ಯಂತ್ರವನ್ನು ಪರೀಕ್ಷಿಸುವಷ್ಟೇ ಎಚ್ಚರಿಕೆಯಿಂದ ಕೋಷ್ಟಕವನ್ನೂ ಪರೀಕ್ಷಿಸುವುದನ್ನು ರೂಢಿಸಿಕೊಳ್ಳಬೇಕು.