ಡಪ್ಪಿನ ಮೇಲಿನ ಹೋರಾಟ

ಪುಣೆಯಿಂದ ಸೊಲ್ಲಾಪುರದ ಮೇಲೆ ಹಾಯ್ದು ವಿಜಾಪುರ, ಕಲಬುರ್ಗಿಗಳಿಗೆ ಹೋಗಿಬರುವ ನಮ್ಮವರಿಗೆ ಇಂದಾಪುರವು ಪರಿಚಿತ ಊರೇ. ಹಾಡನ್ನೇ ಹೋರಾಟದ ಆಯುಧ ಮಾಡಿಕೊಂಡ ಶಾಹೀರ ಅಮರ ಶೇಖರು 1969ರ ಆಗಸ್ಟ್ 29ರಂದು ಇದೇ ಊರಿನ ಸಮೀಪ ಅಪಘಾತದಲ್ಲಿ ತೀರಿಕೊಂಡರೆಂಬುದನ್ನು ಮಾತ್ರ ನಮ್ಮಲ್ಲಿ ಬಲ್ಲವರು ಕಡಿಮೆ.

ಅವರು ಬಾರ್ಶಿಯಲ್ಲಿ 1916ರಲ್ಲಿ ಬಡ ಮುಸಲ್ಮಾನ ಮನೆತನದಲ್ಲಿ ಹುಟ್ಟಿದವರು. ಮೊದಲ ಹೆಸರು ಮೆಹಬೂಬ ಹುಸೇನ ಪಟೇಲ. 1944ರಲ್ಲಿ ಅಣ್ಣಾಭಾವು ಸಾಠೆ, ಗವಾಣಕರ ಇವರೊಡಗೂಡಿ ‘ಲಾಲ ಬಾವಟಾ ಕಲಾಪಥಕ’ವನ್ನು ಕಟ್ಟಿದರು. ಡಪ್ಪು ಬಾರಿಸಿ, ತುಣತುಣಿ ಮೀಟಿ, ಮುಂಬಯಿಯ ಗಿರಣಿ ಕೂಲಿಗಾರರೆದುರು ಪೋವಾಡ, ಲಾವಣಿಗಳನ್ನು ಹಾಡಿದರು. ಓದು ಬಾರದವನಿಗೆ ಆ ಹಾಡೇ ವರ್ತಮಾನ ಪತ್ರಿಕೆಯಾಯಿತು.

ಸಂಯುಕ್ತ ಮಹಾರಾಷ್ಟ್ರದ ಚಳವಳಿಯಲ್ಲಿ ಅಣ್ಣಾಭಾವು ಅವರ ‘ಮಾಝೀ ಮೈನಾ’ ಲಾವಣಿ ಮನೆಮಾತಾಯಿತು. ಅದರಲ್ಲಿ ಬೆಳಗಾವಿ, ಕಾರವಾರಗಳ ಮೇಲೂ ಹಕ್ಕು ಕೇಳಿದೆ. ಕನ್ನಡಿಗರಾದ ನಾವು ಅದನ್ನು ಒಪ್ಪಲಾರೆವು. ಆದರೆ ಅಗಲಿದ ನೆಲಕ್ಕಾಗಿ ಹಾಡುವ ಸಂಕಟ ನಮಗೇನು ಹೊಸದೆ? 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತ ಕೇಳಿದವರು, ನಾಡು ಒಂದಾಗುವುದನ್ನು ಕಾಣಲು 1956ರ ವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲು, 1857ರಲ್ಲಿ, ಆಯುಧಗಳನ್ನು ಒಪ್ಪಿಸಲೊಲ್ಲದ ಹಲಗಲಿಯ ಬೇಡರ ಊರಿಗೆ ಆಂಗ್ಲರ ದಂಡು ಬೆಂಕಿಯಿಟ್ಟಿತು. ಊರು ಸುಟ್ಟರೂ ಲಾವಣಿ ಉಳಿಯಿತು. ಮುಂದೆ ಅದನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ!

ದೂರದ ಪ್ಯಾಲೆಸ್ತೀನಿಯರಲ್ಲಿಯೂ ಇಂಥ ಶಾಹೀರರಿದ್ದಾರೆ. ನ್ಯೂಯಾರ್ಕಿನ ಬಡ ಕೇರಿಗಳಲ್ಲಿ 1970ರ ದಶಕದಲ್ಲಿ ಹುಟ್ಟಿದ ‘ಹಿಪ್-ಹಾಪ್’ ಅವರ ಡಪ್ಪು. ತಾಳಕ್ಕೆ ಸರಿಯಾಗಿ ಮಾತನ್ನು ಹೆಣೆದು ಹೇಳುವುದೇ ಅದರ ಬಗೆ. ಇಸ್ರೇಲಿನ ಲೋದ್ ಪಟ್ಟಣದಲ್ಲಿ ತಾಮೆರ್ ನಫಾರ್, ಅವರ ತಮ್ಮ ಸುಹೆಲ್, ಗೆಳೆಯ ಮಹಮೂದ್ ಜ್ರೇರಿ ಇವರು ಕಟ್ಟಿದ ‘ದಾಮ್’ ಮೇಳವು 2001ರಲ್ಲಿ ‘ಭಯೋತ್ಪಾದಕನಾರು?’ ಎಂಬರ್ಥದ ಹಾಡಿನಿಂದ ಹೆಸರಾಯಿತು. ಅರಬ್ಬಿಯಲ್ಲಿ ಹಾಡುವ ಇವರು ಹೀಬ್ರೂವಿನಲ್ಲಿಯೂ ಹಾಡುತ್ತಾರೆ. ತಮ್ಮ ಅಳಲು ತಮ್ಮವರಿಗಷ್ಟೇ ಅಲ್ಲ, ಎದುರು ಪಕ್ಷದವರಿಗೂ ಕೇಳಿಸಬೇಕೆಂಬುದು ಇದರಿಂದ ಸಾಧ್ಯವಾಗುತ್ತದೆ.

ಮರಾಠಿ ನೆಲದಲ್ಲಿ ಬಾಳುವ ನಾವು ಗಮನಿಸತಕ್ಕದ್ದು ಇದನ್ನೇ. ಹಾಡಿನ ಬೇಡಿಕೆಯನ್ನು ಒಪ್ಪದೆಯೂ ಹಾಡುವವನ ನೋವನ್ನು ಅರಿಯಬಹುದು. ನಮ್ಮ ಮಕ್ಕಳು ಇಂದು ಕೇಳುವ ಹಿಪ್-ಹಾಪನ್ನು ಬರೀ ಗದ್ದಲವೆಂದು ತಳ್ಳಿಬಿಡದೆ, ಅದರ ಅರ್ಥವೇನೆಂದು ಅವರನ್ನೇ ಕೇಳೋಣ. ಹಲಗಲಿಯ ಕಥೆಯನ್ನು ನಾವು ಅವರಿಗೆ ಹೇಳೋಣ.